ಎಡಗಾಲಿನ ಸವೆತ

ಹೆಂಡತಿಯ ಎಡಗಾಲಿನ ಶೂ ಅವನ ಮುಂದೆ ಬೋರಲು ಬಿದ್ದು ಹದಿನೈದು ನಿಮಿಷವಾಗಿತ್ತು. ಅಂಗಡಿಯ ಬಾಗಿಲು ತೆಗೆದು, ನೆಲ ಗುಡಿಸಿ, ಅಂಟಿನ ಡಬ್ಬದ ಮುಚ್ಚಳ ಸಡಿಲಿಸಿ, ರಿಪೇರಿಗೆ ಕಾದಿದ್ದ ಏಳೆಂಟು ಜೊತೆಗಳನ್ನು ಪಕ್ಕಕ್ಕೆ ತಳ್ಳಿ ಅವನು ಮೊದಲು ಕೈಗೆತ್ತಿಕೊಂಡದ್ದು ಇದನ್ನೇ. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ಜೊತೆಯನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಕದ್ದು ತಂದಿದ್ದ ಅನ್ನುವುದೇ ಸರಿ. ಮೂವತ್ತು ವರ್ಷ ಜನರ ಅಟ್ಟೆ ನೋಡುತ್ತಾ ಬಂದವನಿಗೆ ಮುಖ ನೋಡುವ ಅಗತ್ಯ ಬೀಳುವುದಿಲ್ಲ. ಹಿಮ್ಮಡಿಯ ಹೊರಮೈ ಸವೆದಿದ್ದರೆ ಗತ್ತಿನ ಮನುಷ್ಯ, ಒಳಮೈ ಸವೆದಿದ್ದರೆ ಸಂಸಾರದ ಭಾರ ಹೊತ್ತವನು, ನಡುವೆ ತೂತು ಬಿದ್ದಿದ್ದರೆ ಕೆಲಸ ಹುಡುಕಿಕೊಂಡು ಅಲೆಯುವವನು ಎಂದು ಅವನದೇ ಒಂದು ಶಾಸ್ತ್ರ. ಹತ್ತಕ್ಕೆ ಒಂಬತ್ತು ಸಲ ಸರಿಯಾಗುತ್ತಿತ್ತು, ಹತ್ತನೆಯದನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈ ಶೂಗಳಿಗೆ ಹದಿನೈದು ದಿನವಷ್ಟೇ ವಯಸ್ಸು. ಬಲಗಾಲಿನದು ಪೆಟ್ಟಿಗೆಯಿಂದ ಈಗ ತೆಗೆದ ಹಾಗಿದೆ. ಎಡಗಾಲಿನದರ ತುದಿ ಮಾತ್ರ ಉಜ್ಜಿ ಉಜ್ಜಿ ಬಣ್ಣ ಹೋಗಿ, ಹೊಲಿಗೆ ಬಿಟ್ಟು, ಒಳಗಿನ ಬಟ್ಟೆ ಇಣುಕುತ್ತಿದೆ. ತುದಿ ಸವೆಸುವವರು ಎರಡೇ ಬಗೆ. ಒಂದು, ಮಂಡಿಯೂರಿ ಕೆಲಸ ಮಾಡುವವರು. ಇನ್ನೊಂದು, ಯಾರದೋ ಸ್ಕೂಟರಿನ ಹಿಂದೆ ಕೂತು, ಅದು ನಿಂತಲ್ಲೆಲ್ಲ ಒಂದು ಕಾಲಿನ ತುದಿ ನೆಲಕ್ಕೆ ಊರುವವರು. ಗ್ರಂಥಾಲಯದ ಮೇಜಿನ ಹಿಂದೆ ಕೂತು ಪುಸ್ತಕಕ್ಕೆ ಮುದ್ರೆ ಒತ್ತುವ ಹೆಂಗಸು ಮಂಡಿಯೂರುವುದು ಯಾತಕ್ಕೆ? ಅವನ ಹತ್ತಿರ ಸ್ಕೂಟರಿಲ್ಲ. ಸ್ಕೂಟರಿರುವುದು ಬೀಗದವನಿಗೆ.

ಬೀಗದವನು ಅನ್ನುವುದು ಅವನಿಟ್ಟ ಹೆಸರು. ಅವಳು ಕರೆಯುವುದು ಅಣ್ಣ ಅಂತ. ಅಣ್ಣ ಅನ್ನುವುದಕ್ಕೇನು, ನಾಲಗೆಗೆ ಎಲುಬಿಲ್ಲ. ಎರಡು ಬೀದಿ ಆಚೆ ಗೂಡಿನಂಥ ಅಂಗಡಿಯಲ್ಲಿ ಕೂತು ಊರವರ ಕಳೆದುಹೋದ ಕೀಲಿಗಳಿಗೆಲ್ಲ ಜೋಡಿ ಮಾಡಿಕೊಡುವವನು, ಯಾರ ಮನೆಯ ಬಾಗಿಲಾದರೂ ಒಂದು ತಂತಿಯಿಂದ ತೆಗೆಯುವವನು. ಅಂಥವನು ಅಣ್ಣನಾದರೆ ಕಳ್ಳನನ್ನು ಮಾವ ಅನ್ನಬೇಕಾಗುತ್ತದೆ. ನಾಲ್ಕು ವರ್ಷದ ಹಿಂದೆ ಅವಳ ಎದೆಯಲ್ಲಿ ಗಂಟು ಕಂಡು ಆಸ್ಪತ್ರೆಗೆ ಅಲೆಯುತ್ತಿದ್ದಾಗ, ಅದೇ ಬೆಂಚಿನ ಮೇಲೆ, ಕರುಳಿಗೆ ಅದೇ ಕಾಯಿಲೆ ಹತ್ತಿಸಿಕೊಂಡು ಈ ಬೀಗದವನೂ ಕೂತಿದ್ದ. ಆಪರೇಷನ್ ಆಗಿ ಒಂಬತ್ತನೆಯ ದಿನ ಕಟ್ಟು ಬಿಚ್ಚುವಾಗ ನರ್ಸು, 'ನೀವೂ ಬಂದು ನೋಡಿಕೊಳ್ಳಿ ಸಾರ್, ಮನೆಯಲ್ಲಿ ನೀವೇ ಒರೆಸಬೇಕಲ್ಲ' ಅಂದಳು. ಅವನು ಚಹಾ ತರುತ್ತೇನೆಂದು ಹೊರಗೆ ಹೋದ. ಒಂದು ಲೋಟ ಚಹಾಕ್ಕೆ ಒಂದು ಗಂಟೆ ಹತ್ತು ನಿಮಿಷ. ಗೇಟಿನ ಹತ್ತಿರ ನಿಂತು, ಹೋಗುವವರ ಬರುವವರ ಕಾಲುಗಳನ್ನು ನೋಡುತ್ತಾ, ಈಗ ಹೋಗುತ್ತೇನೆ, ಈಗ ಹೋಗುತ್ತೇನೆ ಅಂದುಕೊಂಡ. ವಾಪಸು ಬಂದಾಗ ಅವಳು ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದಳು, ಬೀಗದವನು ಏನೋ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಆ ನಗು ತನ್ನ ಕೈಯಲ್ಲಿದ್ದ ತಣ್ಣನೆಯ ಚಹಾದ ಮೇಲಿನದೇ ಎಂದು ಅವನಿಗೆ ಈಗಲೂ ಖಾತ್ರಿ. ಮನೆಗೆ ಬಂದ ಮೇಲೆ ಅವಳು ಬಟ್ಟೆ ಬದಲಿಸುವುದಕ್ಕೂ ಬಚ್ಚಲುಮನೆಗೆ ಹೋಗಿ ಚಿಲಕ ತಿರುಗಿಸಿಕೊಳ್ಳುವುದು ರೂಢಿ ಮಾಡಿಕೊಂಡಳು. ಯಾಕೆ ಅಂತ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳದೆ ಬಿಟ್ಟ ಮಾತು ಮನೆಯೊಳಗೆ ದೂಳಿನ ಹಾಗೆ, ದಿನಾ ಗುಡಿಸಿದರೂ ಮರುದಿನ ಇರುತ್ತದೆ.

ಎದುರಿನ ಸ್ಟೂಲಿನ ಮೇಲೆ ನಿವೃತ್ತ ಮೇಷ್ಟ್ರು ಬಂದು ಕೂತು, ಕಿತ್ತುಹೋದ ಚಪ್ಪಲಿ ಕೊಟ್ಟು, ಬರಿಗಾಲನ್ನು ಹಳೆಯ ಪೇಪರಿನ ಮೇಲಿಟ್ಟುಕೊಂಡರು. ಅವನು ಪಟ್ಟಿಗೆ ಮೊಳೆ ಹೊಡೆಯುತ್ತಾ ದಿನಗಳನ್ನು ಎಣಿಸತೊಡಗಿದ. ಬೆನ್ನು ನೋವು ಅನ್ನಲು ಶುರುಮಾಡಿ ಏಳು ವಾರ. ಬೆನ್ನು ಯಾರಿಗೆ ನೋಯುವುದಿಲ್ಲ? ದಿನವಿಡೀ ಬಗ್ಗಿ ಕೂರುವ ತನ್ನ ಬೆನ್ನಿನ ಕತೆ ಅವಳೇನು ಕೇಳಿದ್ದಾಳೆಯೇ? ಹಾಸಿಗೆ ಬಿಟ್ಟು ಹಜಾರದ ಒರಗುಕುರ್ಚಿಯಲ್ಲಿ ಮಲಗತೊಡಗಿ ಇಪ್ಪತ್ತಮೂರು ದಿನ. ಮಲಗಿದರೆ ನೋವು ಜಾಸ್ತಿಯಂತೆ, ಕೂತರೆ ಹಗುರವಂತೆ. ಲೋಕದಲ್ಲಿ ಮಲಗಿದರೆ ಹೆಚ್ಚುವ ಬೆನ್ನು ನೋವನ್ನು ಯಾರಾದರೂ ಕೇಳಿದ್ದಾರೆಯೇ? ಪಕ್ಕದಲ್ಲಿ ಮಲಗಲು ಇಷ್ಟವಿಲ್ಲ ಅನ್ನುವುದಕ್ಕೆ ಇಷ್ಟು ಸುತ್ತಿ ಬಳಸಿ ಹೇಳಬೇಕೆ? ಹದಿನಾರು ದಿನದ ಹಿಂದೆ ಸಂಜೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. 'ಇನ್ನೊಂದೆಲ್ಲಿ?' ಅಂದ. ಅವಳು ಬಗ್ಗಿ ತನ್ನ ಕಾಲನ್ನು ಬೇರೆ ಯಾರದೋ ಅನ್ನುವಂತೆ ನೋಡಿ, 'ಅಯ್ಯೋ, ಎಲ್ಲೋ ಕಳಚಿಕೊಂಡಿದೆ ರೀ, ಗೊತ್ತೇ ಆಗ್ಲಿಲ್ಲ' ಅಂದಳು. ಚಪ್ಪಲಿ ಕಳಚಿದ್ದು ಗೊತ್ತಾಗದೆ ಬೀದಿಯುದ್ದ ನಡೆದು ಬರುವ ಹೆಂಗಸನ್ನು, ಅದೂ ಅವನ ಕಸುಬಿನವನು, ನಂಬಬೇಕಿತ್ತು. ಯಾರ ಬಾಗಿಲಿನ ಮುಂದೆ ಕಳಚಿಟ್ಟಳು, ಯಾವ ಗಡಿಬಿಡಿಯಲ್ಲಿ ಎದ್ದು ಬಂದಳು ಎಂದು ಅವನು ಆ ರಾತ್ರಿ ಮನಸ್ಸಿನಲ್ಲೇ ಊರಿನ ಬಾಗಿಲುಗಳನ್ನೆಲ್ಲ ತಟ್ಟಿದ. ಮರುದಿನವೇ ಅವಳು ಪಟ್ಟಿ ಬಿಗಿಯುವ ಈ ಶೂ ಕೊಂಡಳು, ಬೇರೆ ಅಂಗಡಿಯಲ್ಲಿ. ಶೂ ರಿಪೇರಿಯವನ ಹೆಂಡತಿ ಗಂಡನಿಗೊಂದು ಮಾತು ಹೇಳದೆ ಶೂ ಕೊಂಡಳು.

ಆಮೇಲೆ ಮೆಟ್ಟಿಲು. ಅದನ್ನು ನೆನೆದಾಗ ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. ಹನ್ನೊಂದು ದಿನದ ಹಿಂದೆ, ಕಾರಣವಿಲ್ಲದೆ, ಗ್ರಂಥಾಲಯದ ಎದುರಿನ ಮರದ ಮರೆಯಲ್ಲಿ ಹೋಗಿ ನಿಂತಿದ್ದ. ಈ ವಯಸ್ಸಿನಲ್ಲಿ ಮರದ ಹಿಂದೆ ನಿಲ್ಲುವ ಗಂಡಸನ್ನು ಬೇರೆಯವನಾಗಿ ನೋಡಿದ್ದರೆ ಅವನೇ ಕಲ್ಲು ಬೀರುತ್ತಿದ್ದ. ಅವಳು ಹೊರಗೆ ಬಂದಳು. ಕಪಾಟಿನ ಬೀಗ ಸರಿಮಾಡಲು ಬಂದಿದ್ದ ಬೀಗದವನು ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ಇದ್ದ. ಹದಿನಾಲ್ಕು ಮೆಟ್ಟಿಲು. ಮೊದಲನೆಯದರಲ್ಲೇ ಅವಳು ಅವನ ತೋಳು ಹಿಡಿದಳು. ಮುಟ್ಟಿದ್ದಲ್ಲ, ಹಿಡಿದದ್ದು, ಬಟ್ಟೆ ಮುದುಡುವ ಹಾಗೆ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಂತು, ನೆಲ ನೋಡಿ, ಮತ್ತೆ ಇಳಿದಳು, ಮದುಮಗಳ ನಿಧಾನದಲ್ಲಿ. ಮರದ ಮರೆಯಲ್ಲಿದ್ದ ಅವನು ಆ ಕೈಯನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಮೂವತ್ತು ವರ್ಷ ಕಾಲು ನೋಡಿ ಬದುಕಿದವನು ಆ ದಿನ ಕೈ ನೋಡಿದ.

'ಯಜಮಾನ್ರೇ' ಅಂತ ಕೇಳಿಸಿದಾಗ ಅವನು ತಲೆಯೆತ್ತಲಿಲ್ಲ. ಬಾಗಿಲಿಗೆ ಬಂದ ಕಾಲುಗಳ ಗುರುತು ಸಿಕ್ಕಿತ್ತು. ಹೆಗಲಿನ ಚೀಲದಲ್ಲಿ ಕಬ್ಬಿಣದ ಸಾಮಾನು ಸದ್ದು ಮಾಡಿತು.

'ಕೆಲಸದ ಮಧ್ಯ ಬಂದೆ, ತಪ್ಪು ತಿಳೀಬೇಡಿ.'

'ರಿಪೇರಿ ಇದ್ರೆ ಇಟ್ಟು ಹೋಗಿ. ನಾಡಿದ್ದು ಕೊಡ್ತೀನಿ.'

'ರಿಪೇರಿ ಅಲ್ಲ. ತಂಗಿ ವಿಷಯ.'

'ಯಾರ ತಂಗಿ?'

ಮೇಷ್ಟ್ರು ಪೇಪರನ್ನು ಕಾಲಡಿಯಿಂದ ಎತ್ತಿಕೊಂಡು ಓದುವವರ ಹಾಗೆ ಮಾಡಿದರು. ಬೀಗದವನು ಒಂದು ಹೆಜ್ಜೆ ಒಳಗೆ ಬಂದು ದನಿ ತಗ್ಗಿಸಿದ. 'ಬೆಳಿಗ್ಗೆ ಫೋನ್ ಮಾಡಿದ್ಲು. ಎದೆ ಸುತ್ತ ಯಾರೋ ಪಟ್ಟಿ ಹಾಕಿ ಬಿಗಿದ ಹಾಗಿದೆಯಂತೆ. ಕೆಮ್ಮಿದ್ರೆ ಬೆನ್ನಲ್ಲಿ ಚಳಕ್ ಅಂತದೆ. ಎರಡೂ ಕಾಲು ಜೋಮು, ಎಡಗಾಲಂತೂ ಎಳೀತಿದೆ. ನಿನ್ನೆ ರಾತ್ರಿಯಿಂದ ಮೂತ್ರ ಕಟ್ಟಿಕೊಂಡಿದೆಯಂತೆ. ಇದು ವಾಯುನೋವಲ್ಲ ಯಜಮಾನ್ರೇ. ಹಳೇ ಕಾಯಿಲೆ ಬೆನ್ನುಹುರಿಗೆ ಬಂದ್ರೆ ಹೀಗಾಗುತ್ತೆ ಅಂತ ನಮಗೆಲ್ಲಾ ಆಗಲೇ ಹೇಳಿದ್ರು, ಕಾರ್ಡೂ ಕೊಟ್ಟಿದ್ರು. ಈಗಲೇ ಆಸ್ಪತ್ರೆಗೆ ಹೋಗ್ಬೇಕು. ಗಂಟೆ ಗಂಟೆನೂ ಲೆಕ್ಕ. ನಾನು ಕರ್ಕೊಂಡು ಹೋಗ್ತೀನಿ ಅಂದೆ, ಒಪ್ಪಲಿಲ್ಲ. ಅವರು ಬರಲಿ, ಅವರ ಜೊತೆ ಹೋಗ್ತೀನಿ ಅಂತ ಕೂತಿದಾಳೆ. ನಿಮಗೆ ಹೇಳೋಕೆ ಅವಳಿಗೆ ಏನೋ ಹಿಂಜರಿಕೆ.'

ಇಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು ಎರಡೇ. ನಾನು ಕರ್ಕೊಂಡು ಹೋಗ್ತೀನಿ ಅಂದೆ, ಅನ್ನುವುದು ಒಂದು, ಮೂತ್ರದ ಮಾತು ಇನ್ನೊಂದು. 'ಮೂತ್ರದ ವಿಷಯಾನೂ ನಿಮಗೆ ಹೇಳಿದ್ಲಾ?' ಅಂದ.

'ಅದು ಮುಖ್ಯ ಅಲ್ಲ ಈಗ...'

'ನನ್ನ ಮನೆ ಬೀಗ ನಾನೇ ತೆಗೀತೀನಿ. ನಿಮ್ಮ ಕೀಲಿಗೊಂಚಲು ನಿಮ್ಮ ಸೊಂಟದಲ್ಲೇ ಇರ್ಲಿ.'

ಮೇಷ್ಟ್ರು ಪೇಪರಿನ ಹಿಂದೆ ಕಿಸಕ್ಕೆಂದರು. ಬೀಗದವನ ಮುಖ ಕೆಂಪಾಯಿತು, ಆದರೆ ಅವನು ಜಗಳಕ್ಕೆ ನಿಲ್ಲಲಿಲ್ಲ. ಪರ್ಸಿನಿಂದ ಅಂಚು ಸವೆದ ಕಾರ್ಡೊಂದನ್ನು ತೆಗೆದು ಅಂಟಿನ ಡಬ್ಬದ ಪಕ್ಕ ಇಟ್ಟ. 'ಬೈಯಿರಿ, ಪರವಾಗಿಲ್ಲ. ಹೋಗಿ ಮಾತ್ರ ಹೋಗಿ' ಅಂದು ಮೆಟ್ಟಿಲಿಳಿದ. ಮೇಷ್ಟ್ರು ಗೋಡೆ ಗಡಿಯಾರ ನೋಡಿ, 'ಹನ್ನೊಂದಾಗೋಯ್ತಲ್ಲಪ್ಪ' ಅಂದು ಚಪ್ಪಲಿ ಮೆಟ್ಟಿಕೊಂಡರು.

ಎದ್ದು ಹೋಗಬಹುದಿತ್ತು. ಮನೆ ಹತ್ತು ನಿಮಿಷದ ದಾರಿ. ಕಾಲುಗಳು ಎದ್ದೇಬಿಟ್ಟಿದ್ದವು, ಬಾಗಿಲವರೆಗೆ ಹೋಗಿ ಅವನು ನಿಂತ. ಈಗ ಹೋದರೆ ಆ ಮನುಷ್ಯ ಹೇಳಿ ಕಳಿಸಿದ್ದಕ್ಕೆ ಹೋದ ಹಾಗೆ. ಬೀಗದವನು ಬೆರಳು ತೋರಿಸಿದ, ಗಂಡ ಓಡಿಬಂದ. ಅವಳು ತನ್ನನ್ನು ನೋಡಿದ ಕೂಡಲೇ 'ಅಣ್ಣ ಹೇಳಿದ್ರಾ?' ಅನ್ನುತ್ತಾಳೆ, ಆ ಮಾತು ಕೇಳಲು ಮನೆಗೆ ಹೋಗಬೇಕೆ? ಸಂಜೆ ಹೋಗುತ್ತೇನೆ. ನಾನೇ ನೋಡಿ, ನಾನೇ ಕಂಡುಹಿಡಿದ ಹಾಗೆ, 'ಯಾಕೋ ನಿನ್ನ ಮುಖ ಸರಿಯಿಲ್ಲ, ನಡಿ ಡಾಕ್ಟರ ಹತ್ರ' ಅನ್ನುತ್ತೇನೆ. ಅದರಲ್ಲಿ ಒಂದು ಮರ್ಯಾದೆಯಿದೆ. ಏಳು ವಾರ ಕಾದ ಬೆನ್ನು ಆರು ಗಂಟೆ ಕಾಯಲಾರದೆ? ಹಾಗೆಂದುಕೊಂಡು ಕೂತು ಒಂದು ಹಿಮ್ಮಡಿ ಕಿತ್ತ, ಒಂದು ಅಟ್ಟೆ ಅಂಟಿಸಿದ. ಎದೆಯ ಒಳಗೆ ಏನೋ ಒಂದು ಮೂಲೆಯಲ್ಲಿ ನಾಯಿ ಬಾಗಿಲು ಕೆರೆಯುವ ಹಾಗೆ ಕೆರೆಯುತ್ತಿತ್ತು, ಸುತ್ತಿಗೆಯ ಸದ್ದು ಜೋರುಮಾಡಿದ. ಒಂದೂವರೆಗೆ ಫೋನು ಬಡಿದುಕೊಂಡಿತು. ಮನೆಯದು. ಓಹೋ, ಅಲ್ಲಿಂದ ಸುದ್ದಿ ಹೋಗಿದೆ, ಈಗ ಇವಳ ಸರದಿ ಅಂದುಕೊಂಡು ಫೋನನ್ನು ಮೊಳೆಯ ಡಬ್ಬದೊಳಗೆ ಬೋರಲಾಗಿ ಇಟ್ಟ. ಅದು ಮೊಳೆಗಳ ಮಧ್ಯೆ ಇನ್ನೂ ಸ್ವಲ್ಪ ಹೊತ್ತು ಗುರುಗುಟ್ಟಿ ಸುಮ್ಮನಾಯಿತು.

ಮೂರು ಗಂಟೆಗೆ ಸ್ವಲ್ಪ ಮುಂಚೆ ಕಾರ್ಡನ್ನು ಕಸದ ಬುಟ್ಟಿಗೆ ಹಾಕಲೆಂದೇ ಎತ್ತಿಕೊಂಡ. ಇಂಥದೇ ಇನ್ನೊಂದು ಮನೆಯಲ್ಲೂ ಇತ್ತು. ನಾಲ್ಕು ವರ್ಷದಿಂದ ಅಕ್ಕಿಡಬ್ಬದ ಮೇಲಿನ ಗೋಡೆಗೆ ಅವಳು ಅಂಟಿಸಿದ್ದಳು, ಅವನು ಕ್ಯಾಲೆಂಡರಿನ ಚಿತ್ರದಷ್ಟೂ ಅದನ್ನು ನೋಡಿರಲಿಲ್ಲ. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಕರೆ ಮಾಡಿ ಎಂದು ಮೇಲೆ ದಪ್ಪಕ್ಷರ. ಬೆನ್ನಿನ ನೋವು, ಮಲಗಿದಾಗ ಹೆಚ್ಚಾಗುವಂಥದು. ಅವನಿಗೆ ಒರಗುಕುರ್ಚಿ ಕಂಡಿತು. ಕಾಲುಗಳಲ್ಲಿ ಜೋಮು, ಮುಟ್ಟಿದ್ದು ಗೊತ್ತಾಗದಿರುವುದು. ಬೀದಿಯಲ್ಲಿ ಎಲ್ಲೋ ಬಿದ್ದಿರುವ ಒಂಟಿ ಚಪ್ಪಲಿ. ಮೆಟ್ಟಿಲು ಹತ್ತಲು ಇಳಿಯಲು ಕಷ್ಟ, ತೂಗಾಟ, ಆಸರೆ ಬೇಕಾಗುವುದು. ಮುದುಡಿದ ತೋಳಿನ ಬಟ್ಟೆ. ಕಾಲು ಎಳೆಯುವುದು. ಅವನು ಕಾರ್ಡನ್ನು ಕೆಳಗಿಟ್ಟು ಶೂ ಎತ್ತಿ ತುದಿಯ ಮೇಲೆ ಬೆರಳಾಡಿಸಿದ. ತುದಿ ಸವೆಸುವವರಲ್ಲಿ ಮೂರನೆಯ ಬಗೆಯೂ ಉಂಟು, ಅವನಿಗೆ ಅದು ಗೊತ್ತಿಲ್ಲದ್ದಲ್ಲ: ಲಕ್ವ ಹೊಡೆದವರು, ಪಾದ ಎತ್ತಲಾಗದೆ ನೆಲಕ್ಕೆ ಉಜ್ಜಿಕೊಂಡು ನಡೆಯುವವರು. ಅಂಥ ಎಷ್ಟು ಜೋಡಿಗೆ ಅವನೇ ತುದಿಗೆ ತಗಡು ಹೊಡೆದು ಕೊಟ್ಟಿಲ್ಲ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬೆಳಗಿನಿಂದ ಅವಳು ಮನೆಯಿಂದ ಹೊರಡಲಾಗದ ಹಾಗೆ ಅವಳ ಶೂ ಬೇರೆ ಇಲ್ಲಿ ತಂದು ಇಟ್ಟುಕೊಂಡಿದ್ದೇನೆ ಅನ್ನುವುದು ಹೊಳೆದಾಗ ಅವನು ಫೋನನ್ನು ಮೊಳೆಗಳ ಮಧ್ಯದಿಂದ ಎತ್ತಿಕೊಂಡು, ಅಂಗಡಿಗೆ ಬೀಗ ಹಾಕದೆ ಓಡಿದ.

ಮನೆಯಲ್ಲಿ ನೀರು ಬೀಳುವ ಸದ್ದು. ಬಚ್ಚಲುಮನೆಯ ಗುಂಡು ಹಿಡಿಯ ಬಾಗಿಲು ಒಳಗಿನಿಂದ ಭದ್ರ. ಅವನು ಭುಜ ಕೊಟ್ಟು ತಳ್ಳಿದ.

'ತಳ್ಳಬೇಡಿ ರೀ. ನಾನು ಬಾಗಿಲಿಗೇ ಬಿದ್ದಿದೀನಿ' ಎಂದು ಕೆಳಗಿನಿಂದ, ಅವನ ಮೊಣಕಾಲಿನ ಎತ್ತರದಿಂದ, ಅವಳ ದನಿ ಬಂತು. 'ಬಟ್ಟೆ ಹಾಕ್ಕೊಂಡು ಹೊರಡೋಣ ಅಂತ ಬಂದೆ. ಎದ್ದು ನಿಲ್ಲೋಕೆ ಹೋದ್ರೆ ಕಾಲೇ ಇಲ್ಲ. ಚಿಲಕ ಕೈಗೆ ಸಿಗ್ತಿಲ್ಲ. ಒಳಗೆ ಬರೋಕೆ ಮುಂಚೆ ಫೋನ್ ಮಾಡಿದ್ದೆ, ನೀವು ಕೆಲಸದಲ್ಲಿದ್ರೇನೋ.'

'ಒಡೀತೀನಿ ತಾಳು.'

'ಬೇಡ. ಅಣ್ಣನ್ನ ಕರೀರಿ, ಒಂದು ನಿಮಿಷದಲ್ಲಿ ತೆಗೀತಾರೆ. ನಂಬರ್ ಹೇಳ್ತೀನಿ.' ಬಾಗಿಲಿನ ಆಚೆಯಿಂದ ಅವಳು ಹತ್ತು ಅಂಕೆಗಳನ್ನು ಒಂದೊಂದಾಗಿ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅಂಥ ಹೊತ್ತಿನಲ್ಲೂ, ಇವಳಿಗೆ ನನ್ನ ನಂಬರು ಬಾಯಿಗೆ ಬರುತ್ತದೆಯೇ ಎಂದು ಅವನ ಹೊಟ್ಟೆಯಲ್ಲೊಂದು ಕಿಡಿ ಎದ್ದಿತು.

ಬೀಗದವನು ಬಂದ, ಮಂಡಿಯೂರಿದ, ತಂತಿ ತೂರಿಸಿದ, ಹಿಡಿ ತಿರುಗಿತು. ಬಾಗಿಲು ಗೇಣಗಲ ಸರಿದದ್ದೇ ಮುಖ ಗೋಡೆಯ ಕಡೆ ತಿರುಗಿಸಿ ನಿಂತು, 'ನೀವು ಹೋಗಿ. ಎತ್ತಿ ಕೂರಿಸಬೇಡಿ, ಹಾಗೇ ನೆಟ್ಟಗೆ ಮಲಗಿಸಿ. ನಾನು ಆಂಬುಲೆನ್ಸಿಗೆ ಹೇಳ್ತೀನಿ' ಅಂದ. ಅವನು ಸಂದಿಯಲ್ಲಿ ನುಸುಳಿದ. ಅವಳು ಟವೆಲನ್ನು ಎದೆಯ ಮೇಲೆ ಎಳೆದುಕೊಳ್ಳಲು ನೋಡಿದಳು, ಅದು ಅವಳದೇ ಮೈಯಡಿಗೆ ಸಿಕ್ಕಿಕೊಂಡಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಆ ಗಾಯ ನೋಡಿದ. ಒಂದು ಗೆರೆ. ಚೆನ್ನಾಗಿ ಹೊಲಿದ, ಬಿಳಿಚಿದ ಒಂದು ಗೆರೆ. ಇಷ್ಟೇನಾ ಎಂದು ಅವನಿಗೆ ಅಳು ಬಂತು.

ಆಸ್ಪತ್ರೆಯಲ್ಲಿ ಅವಳನ್ನು ಚಪ್ಪಟೆಯಾದ ಗಾಲಿಮಂಚದ ಮೇಲೆ ಮಲಗಿಸಿದ್ದರು. ತಲೆ ಅಲ್ಲಾಡಿಸಬಾರದು, ಏಳಬಾರದು, ಚಾವಣಿ ನೋಡಿಕೊಂಡಿರಬೇಕು. ಮೂತ್ರಕ್ಕೆ ನಳಿಗೆ ಹಾಕಿ, ಊತ ಇಳಿಯಲೆಂದು ಒಂದು ಇಂಜೆಕ್ಷನ್ ಚುಚ್ಚಿ, ಸ್ಕ್ಯಾನಿಗೆ ಸರದಿ ಬರುವವರೆಗೆ ಪ್ಯಾಸೇಜಿನಲ್ಲಿ ನಿಲ್ಲಿಸಿದ್ದರು. ಅವನು ಕಾಲದೆಸೆಯಲ್ಲಿ ನಿಂತು ಹೊದಿಕೆಯೊಳಗೆ ಕೈಹಾಕಿ ಅವಳ ಎಡಪಾದ ಹಿಡಿದುಕೊಂಡ. ಕಸುಬಿನ ಕೈ, ತಾನಾಗಿಯೇ ಅಲ್ಲಿಗೆ ಹೋಯಿತು. ಅವಳು ಕೊಸರಿಕೊಳ್ಳಲಿಲ್ಲ. ಮೆಲ್ಲಗೆ ಒತ್ತಿದ, ಬೆರಳುಗಳ ಸಂದಿ ತೀಡಿದ. ಆಗಲೂ ಅವಳು ಬೇಡವೆನ್ನಲಿಲ್ಲ. ನಾಲ್ಕು ವರ್ಷದ ಮೇಲೆ ಮುಟ್ಟಗೊಟ್ಟಳಲ್ಲ ಎಂದು ಅವನು ಇನ್ನೊಂದು ಕೈಯನ್ನೂ ಹೊದಿಕೆಯೊಳಗೆ ಹಾಕಿದ. ಬೀಗದವನು ಎದುರಿನ ಗೋಡೆಗೆ ಒರಗಿದ್ದ.

ಕನ್ನಡಕದ ಡಾಕ್ಟರಮ್ಮ ಬಂದು, ಯಾವುದು ಯಾವಾಗ ಶುರುವಾಯಿತು ಎಂದು ಕೇಳಿದರು. ಅವಳು ನೆನಪಿಸಿಕೊಳ್ಳಲು ತಡಕಾಡಿದಳು. ಅವನು ಹೇಳಿದ. ಬೆನ್ನು ನೋವು ಏಳು ವಾರ. ಕುರ್ಚಿಯಲ್ಲಿ ಮಲಗತೊಡಗಿ ಇಪ್ಪತ್ತಮೂರು ದಿನ. ಚಪ್ಪಲಿ ಕಳಚಿದ್ದು ಗೊತ್ತಾಗದೆ ಹೋದದ್ದು ಹದಿನಾರು ದಿನದ ಹಿಂದೆ, ಸಂಜೆ ಆರೂ ಕಾಲಿಗೆ. ಮೆಟ್ಟಿಲಿಳಿಯಲು ತೋಳು ಹಿಡಿದದ್ದು ಹನ್ನೊಂದು ದಿನ, ಎರಡೂ ಕಾಲು ಕೂಡಿಸಿ ಒಂದೊಂದೇ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು. 'ಇಷ್ಟು ಗಮನ ಇಟ್ಟು ನೋಡೋ ಗಂಡಂದಿರನ್ನ ನಾನು ಕಂಡಿದ್ದೇ ಕಡಿಮೆ' ಅಂದರು.

ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. 'ನೀವು ನನ್ನ ನೋಡೋದೇ ಬಿಟ್ಟಿದೀರಿ ಅಂದ್ಕೊಂಡಿದ್ದೆ ರೀ. ಮೆಟ್ಟಿಲ ಹತ್ರಾನೂ ಬಂದಿದ್ರಾ?'

ಅವನು ಹೊದಿಕೆಯ ಅಂಚು ಸರಿಮಾಡಿದ. ಡಾಕ್ಟರಮ್ಮ ಕೇಳಿದರು, 'ಇವತ್ತು ಕೊನೆಗೆ ನಡೆದದ್ದು ಯಾವಾಗ?'

'ಮಧ್ಯಾಹ್ನ ಒಂದೂವರೆವರೆಗೂ ಗೋಡೆ ಹಿಡ್ಕೊಂಡು ನಡೀತಿದ್ದೆ' ಅಂದಳು ಅವಳು. 'ಮತ್ತೆ ನಡೀತೀನಾ ಡಾಕ್ಟ್ರೇ?'

'ನಡ್ಕೊಂಡು ಬಂದವರು ಸಾಮಾನ್ಯವಾಗಿ ನಡ್ಕೊಂಡೇ ಹೋಗ್ತಾರೆ. ಕಾಲು ಬಿದ್ದ ಮೇಲೆ ಬಂದವರಿಗೆ ಮಾತು ಕೊಡೋಕಾಗಲ್ಲಮ್ಮ. ಪ್ರಯತ್ನ ಮಾಡೋಣ' ಎಂದು ಹೇಳಿ ಅವರು ಸ್ಕ್ಯಾನಿನ ಕೋಣೆಯೊಳಗೆ ಹೋದರು.

ಅವಳು ಚಾವಣಿಗೇ ಹೇಳುವಂತೆ ಕೇಳಿದಳು. 'ಅಣ್ಣ, ನೀವು ಇವರನ್ನ ಕಂಡು ಹೇಳಿದ್ದು ಎಷ್ಟೊತ್ತಿಗೆ?'

ಬೀಗದವನು ನೆಲ ನೋಡಿದ. 'ನನ್ನದೇ ತಡ ಆಯ್ತು ತಂಗಿ. ಮೂರು ಗಂಟೆ ಹತ್ರ ಆಗಿತ್ತು.'

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಈ ಮನುಷ್ಯನ ಒಳ್ಳೆಯತನ ತನ್ನ ಮನೆಯಲ್ಲಿ ಇನ್ನು ಮುಂದೆ ಉಣ್ಣುವಾಗ, ಮಲಗುವಾಗ, ಬಾಗಿಲು ತೆಗೆಯುವಾಗ ಹಾಕುವಾಗ ಇದ್ದೇ ಇರುತ್ತದೆ ಅನ್ನುವುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಸತ್ಯದ ಮೇಲಿನ ಪ್ರೀತಿಯೇನಲ್ಲ. ತನ್ನ ತಪ್ಪನ್ನೂ ಆ ಬೀಗದವನ ಕೈಗೆ ಕೊಡಲು ಮನಸ್ಸು ಬರಲಿಲ್ಲ, ಅಷ್ಟೆ. 'ಸುಳ್ಳು' ಅಂದ. 'ಹನ್ನೊಂದಕ್ಕೇ ಬಂದಿದ್ರು. ಎಲ್ಲಾ ಹೇಳಿದ್ರು. ನಾನೇ ಬರಲಿಲ್ಲ. ನಿನ್ನ ಫೋನೂ ನಾನೇ ಎತ್ತಲಿಲ್ಲ.'

ಪ್ಯಾಸೇಜಿನಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು. 'ಯಾಕೆ?' ಅಂದಳು ಅವಳು, ಕೋಪವಿಲ್ಲದೆ, ತಿಳಿದುಕೊಳ್ಳುವವಳ ಹಾಗೆ.

'ಹೊಟ್ಟೆಕಿಚ್ಚು.'

'ಯಾರ ಮೇಲೆ?'

ಅವನು ಗೋಡೆಗೆ ಒರಗಿದವನ ಕಡೆ ನೋಡಿದ. ನೋಡಿದ್ದು ಅವಳಿಗೆ ಕಾಣುವಂತಿರಲಿಲ್ಲ, ಆದರೂ ತಿಳಿಯಿತು. ಅವನು ಹಿಡಿದ ಪಾದವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಇದನ್ನೊಂದು ಕೊಸರಿಕೊಳ್ಳದಿದ್ದರೆ ಸಾಕು, ಎಳೆದುಕೊಳ್ಳದಿದ್ದರೆ ಸಾಕು ಎಂದು ಬೇಡಿಕೊಂಡ. ಅವಳು ಎಳೆದುಕೊಳ್ಳಲಿಲ್ಲ.

ಬಾಗಿಲು ತೆರೆದು ಸ್ಕ್ಯಾನಿನ ಕೋಣೆಯ ಅಟೆಂಡರು ಮಂಚದ ತಲೆದೆಸೆ ಹಿಡಿದ. 'ಜೊತೆಗೆ ಒಬ್ಬರೇ ಬರಬಹುದು. ಯಾರು?'

ಇಬ್ಬರೂ ಅವಳ ಮುಖ ನೋಡಿದರು.

'ಅಣ್ಣ ಬರಲಿ' ಅಂದಳು.

ಬೀಗದವನು ಚೀಲವನ್ನು ಗೋಡೆಯ ಬುಡದಲ್ಲಿಟ್ಟು, ಯಾರನ್ನೂ ನೋಡದೆ ಬಂದು ಪಕ್ಕದಲ್ಲಿ ನಿಂತ. ಮಂಚ ಒಂದಡಿ ಮುಂದೆ ಹೋಗಿ ನಿಂತುಬಿಟ್ಟಿತು.

'ಸಾರ್, ಕಾಲು ಬಿಡಿ' ಅಂದ ಅಟೆಂಡರು.

'ಯಾರ ಕಾಲು?' ಎಂದು ಅವಳು ಕೇಳಿದಳು.